ಏಳನೆಯ ಸಾಮಾನು

ಡಾಕ್ಟರು ಮಾತಾಡುತ್ತಲೇ ಟಪಾಲಿನ ಲಕೋಟೆಗಳ ಅಂಚನ್ನು ಒಂದೊಂದಾಗಿ ಕತ್ತರಿಸುತ್ತಿದ್ದರು. ಕುಸುಮಾವತಿಗೆ ಅವರ ಮಾತಿಗಿಂತ ಆ ಕತ್ತರಿಯ ಸದ್ದೇ ಹೆಚ್ಚು ಕೇಳುತ್ತಿತ್ತು. ಹೊಸ ಕತ್ತರಿ, ಮೊಂಡು ತುದಿಯದು, ಕಾಗದ ಕತ್ತರಿಸಲು ಮಾಡಿದ್ದಲ್ಲ. "ಇವತ್ತೇ ಹೋಗು. ಆ ಸೂಲಗಿತ್ತಿ ಸೀತು ಹತ್ತಿರ ಪೆಟ್ಟಿಗೆ ವಾಪಸು ತಗೋ. ಈ ಹೇಳಿಕೆಗೆ ಅವಳ ಹೆಬ್ಬೆಟ್ಟು ಒತ್ತಿಸು. ಸಾಕ್ಷಿಗೆ ಮಂಜಯ್ಯ ಶೆಟ್ಟರ ರುಜು ಆಗಲಿ. ಅವರು ಮೊನ್ನೆಯಿಂದ ಪೊಲೀಸು, ಪೊಲೀಸು ಅಂತ ಕೂತಿದ್ದಾರೆ," ಎಂದರು. ತಲೆ ಎತ್ತಲಿಲ್ಲ, ಕೂತುಕೋ ಎನ್ನಲಿಲ್ಲ. ಎದುರಿನ ಕುರ್ಚಿಯ ಮೇಲೆ ಅವರ ಟೊಪ್ಪಿ ಕೂತಿತ್ತು. ಆರು ವರ್ಷದಿಂದ ಈ ಆರೋಗ್ಯ ಕೇಂದ್ರದಲ್ಲಿ ಹಳ್ಳಿ ಹಳ್ಳಿ ತಿರುಗಿ ಚಪ್ಪಲಿ ಸವೆಸಿದವಳು ತಾನು, ಕೂರುವುದು ಟೊಪ್ಪಿ. ಅವಳು ಹೇಳಿಕೆಯನ್ನು ಓದಿಕೊಂಡಳು. ಗುಮಾಸ್ತ ಭೋಜರಾಜನ ದುಂಡು ಅಕ್ಷರ. 'ಕತ್ತರಿ ಸಹಿತ ಏಳು ಸಾಮಾನುಗಳ ಪೆಟ್ಟಿಗೆ ನನಗೆ ಸಿಕ್ಕಿರುವುದು ನಿಜ. ತರಬೇತಿಯಲ್ಲಿ ಹೇಳಿದ್ದನ್ನು ಮೀರಿ ನಾನು ಬೇರೆ ಕತ್ತರಿಯಿಂದ ಹೊಕ್ಕುಳಬಳ್ಳಿ ಕೊಯ್ದಿರುವುದು ನಿಜ. ಮಗು ಧನುರ್ವಾಯುವಿನಿಂದ ತೀರಿಕೊಂಡದ್ದು ನನ್ನ ತಪ್ಪಿನಿಂದ.' ಕೆಳಗೆ ಹೆಬ್ಬೆಟ್ಟಿಗೆಂದು ಒಂದು ಚೌಕ. ಓದಿ ಮಡಚಿ ಚೀಲಕ್ಕೆ ಹಾಕಿಕೊಂಡಳು. ಆಗಲಿ ಸರ್ ಎಂದಳು. ತನ್ನ ಬಾಯಿಂದ ಇಷ್ಟು ಸಲೀಸಾಗಿ ಹೊರಟ ಆ ಎರಡು ಶಬ್ದಕ್ಕೆ ಅವಳ ಮೈಯೆಲ್ಲ ಉರಿಯಿತು.

ಶಿರೂರು ಕಡೆಯ ಬಸ್ಸಿನಲ್ಲಿ ಕೂತ ಮೇಲೂ ಉರಿ ಇಳಿಯಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡ ಬೀಗದ ಕೈ ಗೊಂಚಲು ಬಸ್ಸು ಕುಲುಕಿದಾಗಲೆಲ್ಲ ಚುಚ್ಚುತ್ತಿತ್ತು. ಕಂಡಕ್ಟರು ಟಿಕೇಟು ಹರಿಯುತ್ತ, "ಇವತ್ತ್ ಯಾರ್ ಮನೆ ಪಾಠ, ನರ್ಸಮ್ಮ?" ಎಂದ. ಹಿಂದಿನ ಸೀಟಿನ ಹೆಂಗಸರು ಕಿಸಕ್ಕೆಂದರು. ಮದುವೆಯಾಗದ ಹೆಣ್ಣು ಊರಿಗೆಲ್ಲ ಹೆರಿಗೆ ಪಾಠ ಹೇಳಿಕೊಡುತ್ತಾಳೆ ಎಂಬುದು ಈ ಕಡೆಯ ಹಳೆಯ ತಮಾಷೆ. ಬೇರೆ ದಿನ ಆಗಿದ್ದರೆ ಅವಳೂ ನಕ್ಕುಬಿಡುತ್ತಿದ್ದಳು. ಇವತ್ತು ಅವನ ಮುಖವನ್ನೇ ನೋಡಿದಳು, ಅವನು ಚಿಲ್ಲರೆ ಕೊಟ್ಟು ಮುಂದೆ ಹೋದ. ಕಿಟಕಿಯಿಂದ ಒಣಮೀನಿನ ವಾಸನೆಯ ಬಿಸಿಗಾಳಿ ಬಡಿಯಿತು. ಕಣ್ಣು ಮುಚ್ಚಿದರೆ ಗಿರಿಜಾಳ ಕೂಸು. ಹುಟ್ಟಿದ ಏಳನೆಯ ದಿನ ಕುಸುಮಾವತಿಯನ್ನು ಕರೆಸಿದ್ದರು. ಹೋಗಿ ನೋಡುವಾಗ ಕೂಸಿನ ದವಡೆ ಕಚ್ಚಿಕೊಂಡಿತ್ತು. ಗಿರಿಜಾ ಮೊಲೆ ಬಾಯಿಗಿಟ್ಟರೆ ಹಾಲು ತುಟಿಯಿಂದಲೇ ಇಳಿದುಹೋಗುತ್ತಿತ್ತು. ಯಾರೋ ಬಾಗಿಲು ತೆರೆದು ಬೆಳಕು ಬಿದ್ದದ್ದೇ ಕೂಸು ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿತು. ಕುಂದಾಪುರದ ಆಸ್ಪತ್ರೆಗೆ ಒಯ್ಯೋಣವೆಂದರೆ ಆರೋಗ್ಯ ಕೇಂದ್ರದ ಜೀಪು ಯಾರೋ ದೊಡ್ಡವರ ಪ್ರವಾಸಕ್ಕೆ ಹೋಗಿತ್ತು. ಮಾರನೆಯ ದಿನ, ಭಾನುವಾರ, ಎಲ್ಲ ಮುಗಿಯಿತು. ಇವತ್ತು ಗುರುವಾರ. ಗಿರಿಜಾಳದು ಅಳಿಯಸಂತಾನದ ಮನೆ, ವಂಶ ಸಾಗುವುದು ಹೆಣ್ಣಿನಿಂದ. ಯಜಮಾನ ಮಂಜಯ್ಯ ಶೆಟ್ಟರಿಗೆ ಒಬ್ಬಳೇ ತಂಗಿ ಅಮ್ಮಣ್ಣಿ, ಅಮ್ಮಣ್ಣಿಗೆ ಒಬ್ಬಳೇ ಮಗಳು ಗಿರಿಜಾ. ಕುಟುಂಬಕ್ಕೆ ಹೆಣ್ಣು ಬಂತೆಂದು ಊರಿಗೆಲ್ಲ ಸಕ್ಕರೆ ಹಂಚಿದ್ದರು.

ತಪ್ಪು ಸೀತುವಿನದೇ. ಬೇರೆ ಯಾರದು? ಏಳು ದಿನ ಕೂರಿಸಿ ಕಲಿಸಿದ್ದೇನೆ. ಶಾಲೆಯ ಜಗಲಿಯಲ್ಲಿ ಆರೋಗ್ಯ ಸಪ್ತಾಹದ ಬಟ್ಟೆ ಕಟ್ಟಿ, ಸುತ್ತಿನ ಹನ್ನೆರಡು ಸೂಲಗಿತ್ತಿಯರನ್ನು ಚಾಪೆಯ ಮೇಲೆ ಕೂರಿಸಿ, ಚಿತ್ರಪಟ ತೂಗುಹಾಕಿ, ಕ್ರಿಮಿ ಅಂದರೆ ಇದು ಅಂತ ಕೋಲಿನಿಂದ ತೋರಿಸಿದ್ದೇನೆ. ಪಟದಲ್ಲಿ ಕ್ರಿಮಿಯನ್ನು ಏಡಿಯಷ್ಟು ದೊಡ್ಡದಾಗಿ ಬರೆದಿದ್ದರು. "ಇಷ್ಟ್ ದೊಡ್ಡ ಹುಳ ನಮ್ಮ್ ಬದಿಯಗೆ ಇಲ್ಲೆ ಅಮ್ಮ," ಎಂದು ಒಬ್ಬಳು ಹೇಳಿದಾಗ ಎಲ್ಲರೂ ಸೆರಗು ಬಾಯಿಗಿಟ್ಟು ನಕ್ಕಿದ್ದರು. ಆ ನಗು ಅವಳಿಗೆ ತಾಗಿತ್ತು. ಡಾಕ್ಟರು ಬಾಗಿಲಲ್ಲಿ ನಿಂತು ನೋಡುತ್ತಿದ್ದರಲ್ಲ. ಅದಕ್ಕೇ ಇರಬೇಕು, ನೀವು ಬಳ್ಳಿ ಕೊಯ್ಯುವುದು ಯಾವುದರಲ್ಲಿ ಎಂದು ಕೇಳಿ, ಎಲ್ಲರಿಗಿಂತ ಹಿಂದೆ, ಚಾಪೆ ಬಿಟ್ಟು ನೆಲದ ಮೇಲೆ ಕೂತಿದ್ದ ಸೀತುವನ್ನು ಎಬ್ಬಿಸಿದ್ದು. ಸೀತು ಸೊಂಟದಿಂದ ಒಂದು ಬಿದಿರ ಸೀಳು ತೆಗೆದು ತೋರಿಸಿದಳು. ಪ್ರತಿ ಹೆರಿಗೆಗೂ ಹಸಿ ಬಿದಿರಿನಿಂದ ಹೊಸದಾಗಿ ಸೀಳುವುದು, ದೀಪದ ಉರಿಯಲ್ಲಿ ಎರಡು ಸಲ ಹಾಯಿಸುವುದು, ಕೆಲಸವಾದ ಕೂಡಲೇ ಒಲೆಗೆ ಹಾಕುವುದು, ನಲವತ್ತು ವರ್ಷದಿಂದ ಹೀಗೆಯೇ ಎಂದಳು. ಕುಸುಮಾವತಿ ಆ ಸೀಳನ್ನು ಸತ್ತ ಹಲ್ಲಿಯನ್ನು ಹಿಡಿದ ಹಾಗೆ ಎರಡು ಬೆರಳಿನಲ್ಲಿ ಹಿಡಿದು ಎಲ್ಲರಿಗೂ ತೋರಿಸಿ, ಸ್ಪಿರಿಟ್ ದೀಪದ ಮೇಲೆ ಇಟ್ಟು ಸುಟ್ಟಳು. ಇನ್ನು ಇದನ್ನು ಮುಟ್ಟುವುದಿಲ್ಲ ಎಂದು ಒಬ್ಬೊಬ್ಬರಿಂದ ಆಣೆ ಹಾಕಿಸಿದಳು. ಸೀತುವಿನ ದನಿ ಕೇಳಿಸಲಿಲ್ಲವೆಂದು ಅವಳಿಂದ ಎರಡು ಸಲ. ಡಾಕ್ಟರು ಶಹಬ್ಬಾಸ್ ಎಂದಿದ್ದರು. ಆ ರಾತ್ರಿ ಸುಮ್ಮನೆ ನೆನಪಾಗಿತ್ತು, ಬ್ರಹ್ಮಾವರದಲ್ಲಿ ಅಮ್ಮ ಹೇಳುತ್ತಿದ್ದದ್ದು: ನಿನ್ನ ಹೊಕ್ಕುಳೂ ಬಿದಿರಿನಲ್ಲೇ ಕೊಯ್ದದ್ದು ಮಗಾ, ಏನಾಯಿತು ನಿನಗೆ, ಗುಂಡುಕಲ್ಲಿನ ಹಾಗಿದ್ದಿ. ಮಂಗಳೂರಿನ ತರಬೇತಿಯಲ್ಲಿ ಕಲಿತದ್ದನ್ನು ಅಮ್ಮನ ಮಾತಿಗೆ ಬಿಡಲಿಕ್ಕಾಗುತ್ತದೆಯೇ ಎಂದುಕೊಂಡು ಮಗ್ಗುಲಾಗಿದ್ದಳು.

ಮುಳ್ಳಿಬೈಲಿನ ತಿರುವಿನಲ್ಲಿ ಇಳಿದು ಗದ್ದೆಯ ಅಂಚು ಹಿಡಿದಳು. ಕೊಯ್ಲು ಮುಗಿದು ಉದ್ದು ಕಿತ್ತ ಗದ್ದೆ, ಬಿರಿದ ಮಣ್ಣು, ಮರದ ನೆರಳು ಒಂದೂ ಇಲ್ಲ. ಈ ಅಂಚಿನ ಮೇಲೆ ತಾನು ಎಷ್ಟು ದಿನದಿಂದ ಬಂದಿರಲಿಲ್ಲ ಎಂದು ಲೆಕ್ಕ ಹಾಕಲು ಹೋಗಿ ನಿಲ್ಲಿಸಿದಳು. ನಿಲ್ಲಿಸಿದರೂ ಅದು ನಿಲ್ಲಲಿಲ್ಲ. ಪೆಟ್ಟಿಗೆ ಹಂಚುವ ಸಮಾರಂಭದ ಹಿಂದಿನ ದಿನ ಭೋಜರಾಜ ಹೇಳಿದ್ದ: "ಕತ್ರಿ ಮಾತ್ರ ಬರ್ಲಿಲ್ಲೆ ಮಾರಾಯ್ತಿ. ಪೆಟ್ಟಿಗೆ ಮುಚ್ಚಿಯೇ ಕೊಡುದಲ್ದಾ, ಯಾರ್ ಕಾಂತ್ರ್? ಆರ್ ಸಾಮಾನ್ ಇತ್, ಏಳ್ ಅಂತ ರುಜು ಹಾಕ್. ಬಂದ್ ಕೂಡ್ಲೇ ಹಂಚಿರೆ ಆಯ್ತ್." ಅವಳು ಹಾಕಿದ್ದಳು. ಮಾರನೆಯ ದಿನ ಪಂಚಾಯತಿ ಚೇರ್ಮನ್ನರಾದ ಮಂಜಯ್ಯ ಶೆಟ್ಟರು ಹನ್ನೆರಡು ಹೆಂಗಸರಿಗೆ ಹನ್ನೆರಡು ಹೊಳೆಯುವ ಅಲ್ಯೂಮಿನಿಯಂ ಪೆಟ್ಟಿಗೆ ಕೊಟ್ಟರು, ಕುಂದಾಪುರದಿಂದ ಬಂದವನು ಫೋಟೋ ತೆಗೆದ. ಮೂರು ವಾರಕ್ಕೆ ಕತ್ತರಿಯ ಪಾರ್ಸೆಲೂ ಬಂತು. ಬರಲಿಲ್ಲ ಎಂದಾದರೂ ಹೇಳಿಕೊಳ್ಳುವ ಹಾಗಿದ್ದರೆ! ಬಂತು. ಬಿಚ್ಚಿದ್ದು ಅವಳೇ. ಆ ಕಡೆ ಹೋಗುವಾಗ ಕೊಟ್ಟು ಬಾ ಎಂದು ಡಾಕ್ಟರು ಒಂದನ್ನು ಮೇಜಿನ ಮೇಲೆ ಇಟ್ಟುಕೊಂಡರು, ಉಳಿದ ಹನ್ನೊಂದನ್ನು ಅವಳು ಬೀರುವಿಗಿಟ್ಟು ಬೀಗ ಹಾಕಿದಳು. ಆಮೇಲೆ ಬಾವಿಗಳಿಗೆ ಪುಡಿ ಹಾಕುವ ಕೆಲಸ ಬಂತು, ಕುಟುಂಬ ಯೋಜನೆಯ ಭಾಷಣಗಳು ಬಂದವು, ಬಿಸಿಲು ಬಂತು. ಮುಳ್ಳಿಬೈಲಿಗೆ ಬಸ್ಸಿಳಿದು ಎರಡು ಮೈಲಿ ನಡಿಗೆ. ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು. ಎರಡು ತಿಂಗಳು ಆ ಬೀಗದ ಕೈ ಅವಳ ಸೊಂಟದಲ್ಲೇ ಇತ್ತು. ಈಗಲೂ ಇದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅನ್ನುತ್ತಾರೆ. ಆ ಬರೆಯನ್ನು ಕಾಸಿ ಚೀಲದಲ್ಲಿಟ್ಟುಕೊಂಡು ಹೊರಟವಳು ತಾನೇ. ಅಂಚಿನ ಮೇಲೆ ನಿಂತು, ಯಾರಿಲ್ಲದ ಗದ್ದೆಗೆ, ಥೂ ಎಂದು ಉಗಿದಳು.

ಕೇದಗೆ ಬೇಲಿಯ ದಣಪೆಯ ಅಡ್ಡಗೋಲು ದಾಟಿದರೆ ಸೀತುವಿನ ಅಂಗಳ. ಗುಡಿಸಿ ಸೆಗಣಿ ಸಾರಿಸಿದ್ದ ಅಂಗಳದ ಮೂಲೆಯಲ್ಲಿ ಸೀತು ಸುಮ್ಮನೆ ಕೂತಿದ್ದಳು. ಸುಮ್ಮನೆ ಕೂತ ಸೀತುವನ್ನು ಅವಳು ಈವರೆಗೆ ನೋಡಿರಲಿಲ್ಲ. "ಬನ್ನಿ ಅಮ್ಮ, ಕೂಕಣಿ," ಎಂದು ಚಾಪೆ ಹಾಸಿ, ತಾನು ಮಾರು ದೂರ ಹೋಗಿ ನಿಂತಳು. ಪೆಟ್ಟಿಗೆ ತಾ ಎಂದಾಗ ಒಳಗೆ ಹೋದಳು. ಬಾಗಿಲಿಂದ ಕಾಣುತ್ತಿತ್ತು: ದೀಪದ ಪಕ್ಕದ ಮಣೆಯ ಮೇಲೆ ಪೆಟ್ಟಿಗೆ ಇತ್ತು, ಮುಚ್ಚಳಕ್ಕೆ ಕುಂಕುಮ, ಒಣಗಿದ ಒಂದು ದಾಸವಾಳ. ತಂದು ಚಾಪೆಯ ಅಂಚಿನಲ್ಲಿಟ್ಟಳು. ಕುಸುಮಾವತಿ ತೆರೆದಳು. ಸಾಬೂನು, ಉಗುರು ತಿಕ್ಕುವ ಬ್ರಷ್, ನೂಲು, ಹತ್ತಿ, ಮೇಣಬಟ್ಟೆ, ಬಟ್ಟಲು. ಸಾಬೂನು ಅರ್ಧ ಸವೆದಿತ್ತು.

"ಕತ್ರಿ ಇಲ್ಲ ಅಂತ ನಂಗ್ ಯಾಕ್ ಹೇಳ್ಲಿಲ್ಲ ನೀನ್?" ಎಂದು ಅವಳು ಕೂಗಿದಳು. ಇಷ್ಟು ಜೋರಾಗಿ ಕೂಗುವೆನೆಂದು ಅವಳಿಗೇ ಗೊತ್ತಿರಲಿಲ್ಲ. "ಎರಡ್ ತಿಂಗಳ್ ಮೇಲಾಯ್ತ್! ಬಾಯಿ ಇಲ್ಯಾ ನಿಂಗೆ?"

ಸೀತು ನೆಲ ನೋಡಿದಳು. "ಬೇರೆಯವ್ರಿಗೆ ಕೊಟ್ಟಿರ್ಕ್ ಅಂದ್ಕಂಡೆ ಅಮ್ಮ. ನಮ್ಗೆ ಯಾವಾಗ್ಳೂ ಒಂದ್ ಕಮ್ಮಿಯೇ ಅಲ್ದಾ. ಕೇಂಡ್ರೆ ಪೆಟ್ಟಿಗೆಯೂ ವಾಪಾಸ್ ತಕಂಡ್ರೆ ಅಂತ ಹೆದ್ರಿಕೆ ಆಯ್ತ್."

"ಮತ್ತೆ ಯಾವ ಕತ್ರಿ ಅದು?"

"ಟೈಲರ್ ಗುಣಪಾಲಂದ್. ಬಿದ್ರ್ ಮುಟ್ಟುಕಾಗ ಅಂತ ಆಣೆ ಹಾಕ್ಸಿದ್ರಿ. ಕತ್ರಿಯೇ ಆಯ್ಕ್ ಅಂದ್ರಿ. ಗಿರಿಜಮ್ಮಂಗೆ ನೋವ್ ಬಂತ್ ಅಂತ ಹೇಳಿ ಕಳ್ಸ್ರ್. ನಾನ್ ಓಡಿ ಹೋಯಿ ಗುಣಪಾಲನ ಕಾಲ್ ಹಿಡ್ದ್ ಕೇಂಡ್ ತಂದೆ."

"ಕುದಿಸ್ಲಿಲ್ಯಾ?"

"ಒಂದ್ ಪಾತ್ರಿ ಕೇಂಡೆ. ನೀ ಮುಟ್ಟಿದ್ ಪಾತ್ರಿ ಒಳ್ಗ್ ಬಪ್ಪುಕಾಗ ಅಂದ್ರ್ ಅಮ್ಮಣ್ಣಿಯಮ್ಮ. ಬಚ್ಚಲ್ ಹಂಡಿಯಿಂದ ಬಿಸ್ನೀರ್ ಮೇಲಿಂದ ಹೊಯ್ದ್ ಕೊಟ್ರ್. ಅದ್ರಗೇ ತೊಳ್ದೆ." ಆಮೇಲೆ ತಗ್ಗಿದ ದನಿಯಲ್ಲಿ, "ನಾ ಎಂತ ತಪ್ಪ್ ಮಾಡ್ದೆ ಅಂತ ಗೊತ್ತಾತಿಲ್ಲೆ ಅಮ್ಮ. ನೀವ್ ಹೇಳ್ದಂಗೇ ಮಾಡ್ದೆ," ಎಂದಳು.

ಈ ಮಾತನ್ನು ಆಪಾದನೆಯ ಹಾಗೆ ಹೇಳಿದ್ದರೆ ಕುಸುಮಾವತಿ ತಡೆದುಕೊಳ್ಳುತ್ತಿದ್ದಳೇನೋ. ಸೀತು ನಿಜವಾಗಿ ತಿಳಿಯಬೇಕೆಂದು ಕೇಳಿದಂತಿತ್ತು, ಪಾಠದಲ್ಲಿ ಯಾವುದೋ ಒಂದು ಸಾಲು ತನಗೆ ತಪ್ಪಿಹೋಗಿದೆ, ಅದನ್ನು ಈಗ ಹೇಳಿಕೊಡುತ್ತಾರೆ ಎಂಬ ಹಾಗೆ. ಮಗುವನ್ನು ಹಿಡಿದೆಳೆಯಲು ಈ ಕೈ ಆಗಬಹುದು, ಒಂದು ಪಾತ್ರೆ ಮುಟ್ಟಲು ಆಗಬಾರದು. ಆ ಮನೆಗೆ ಬೆಂಕಿ ಬೀಳಲಿ ಎಂದುಕೊಂಡಳು. ಆ ಮನೆಗೆ ಬೈದು ತಾನು ಪಾರಾಗುತ್ತಿದ್ದೇನೆ ಎಂದೂ ಕೂಡಲೇ ಹೊಳೆಯಿತು. ಚೀಲದಿಂದ ಕಾಗದ ತೆಗೆದಳು, ಶಾಯಿಯ ಡಬ್ಬಿ ತೆಗೆದಳು. ಸೀತು, "ಅದ್ರಗ್ ಎಂತ ಬರ್ದಿತ್ ಅಮ್ಮ?" ಎಂದಳು. ಓದಿದಳು. ಕುಸುಮಾವತಿ 'ಕತ್ತರಿ ಸಹಿತ' ಎಂಬುದನ್ನು ಬೇಗ ಬೇಗ ದಾಟಿಸಿದಳು. ಸೀತು ಎಲ್ಲವನ್ನೂ ಕೇಳಿ, ಹತ್ತಿರ ಬಂದು ಕೂತು ಎಡಗೈ ಚಾಚಿದಳು.

"ಎಲ್ ಒತ್ಕ್?"

"ಇದ್ ಒತ್ತಿರೆ ನಿನ್ನನ್ನ್ ಯಾರೂ ಬಾಗಿಲ್ ಒಳಗೆ ಸೇರ್ಸುದಿಲ್ಲ. ಪೊಲೀಸ್ರೂ ಬಪ್ಪುಕ್ ಸಾಕ್. ಗೊತ್ತಾತಾ?"

"ಗೊತ್ತಾತ್. ಒತ್ತದಿರೆ ನಿಮ್ಮ್ ಕೆಲ್ಸ ಹೋತ್ತಲ್ದಾ. ನೀವ್ ಓದಿದವ್ರ್, ಊರಗೆ ಅಬ್ಬೆ ಇದ್ರ್. ನಂಗೆಂತ, ಕೈ ನಡ್ಗುಕೂ ಶುರು ಆಯ್ತ್. ಎಲ್ ಒತ್ಕ್, ಹೇಳಿ."

ಕಾಗದ ಕೇಳಿದ್ದೇ ಇವಳಿಗೆ ಎಲ್ಲ ಗೊತ್ತಾಗಿದೆ ಎಂದು ಕುಸುಮಾವತಿಗೆ ತಿಳಿಯಿತು. ಕತ್ತರಿ ಯಾರಿಂದ ತಪ್ಪಿತು, ಕಾಗದ ಯಾರನ್ನು ಉಳಿಸಲು ಬಂದಿದೆ, ಎಲ್ಲ. ಗೊತ್ತಿದ್ದೂ ಕೈ ಚಾಚಿದ್ದಾಳೆ, ತನ್ನ ಮೇಲೆ ಕನಿಕರಪಟ್ಟು. ನೆಲದ ಮೇಲೆ ಕೂತು ಪಾಠ ಕೇಳಿದವಳು ತನಗೆ ಭಿಕ್ಷೆ ಹಾಕುತ್ತಿದ್ದಾಳೆ. ಮತ್ತೆ ತನಗೆ ಅದು ಬೇಕು, ಅದೇ ಬೇಕಾಗಿ ಎರಡು ಮೈಲಿ ಬಿಸಿಲಲ್ಲಿ ನಡೆದು ಬಂದದ್ದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವಳು ಡಬ್ಬಿಯ ಮುಚ್ಚಳ ತೆಗೆದಳು. ಸೀತುವಿನ ಹೆಬ್ಬೆರಳು ಹಿಡಿದಳು. ಎಣ್ಣೆ ನೀವಿ ನೀವಿ ನಯವಾದ ಬೆರಳು. ಉಗುರನ್ನು ಮಾಂಸಕ್ಕೆ ತಾಗುವಷ್ಟು ಕತ್ತರಿಸಿ ತಿಕ್ಕಿ ತೊಳೆದಿತ್ತು. ಹತ್ತೂ ಬೆರಳು ಹಾಗೆಯೇ. ವಾರಕ್ಕೆರಡು ಸಲ ಉಗುರು ತೆಗೆಯಿರಿ ಎಂಬುದು ಮೊದಲನೆಯ ದಿನದ ಪಾಠ. ತಾನೇ ಅದನ್ನು ಮರೆತಿದ್ದಳು. ಹನ್ನೆರಡು ಜನರಲ್ಲಿ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ನಡೆಸಿದವಳು ಇವಳೊಬ್ಬಳೇ ಇರಬೇಕು, ಅದಕ್ಕೇ ಕೂಸು ಸತ್ತದ್ದು ಇವಳ ಕೈಯಲ್ಲಿ. ಮಾತು ಕೇಳದ ಉಳಿದ ಹನ್ನೊಂದು ಜನ ಗುಟ್ಟಾಗಿ ಬಿದಿರನ್ನೇ ಸೀಳಿಕೊಂಡು ಸುಖವಾಗಿದ್ದಾರೆ.

"ತೆಗಿ ಕೈ!" ಎಂದು ಕಿರುಚಿ ಅವಳು ಆ ಕೈಯನ್ನು ದೂಡಿದಳು. ಸೀತು ಹಿಂದಕ್ಕೆ ಸರಿದು ಬೆರಗಾಗಿ ನೋಡಿದಳು. ಕುಸುಮಾವತಿ ಪೆಟ್ಟಿಗೆ ಎತ್ತಿಕೊಂಡು ದಣಪೆಯ ಹತ್ತಿರ ಹೋದಾಗ ಹಿಂದಿನಿಂದ ಸೀತು, "ಹ್ವಾಯ್, ಅಮ್ಮ," ಎಂದು ಕರೆದಳು. "ಗಿರಿಜಮ್ಮಂಗೆ ಹಾಲ್ ಕಟ್ಟಿರ್ಕ್. ನಾಲ್ಕ್ ದಿನ ಆಯ್ತ್. ಎಣ್ಣೆ ಹಚ್ಚಿ ಮೀಸುಕೂ ಯಾರಿಲ್ಲೆ. ಒಂಚೂರ್ ಕಾಣಿ." ಅವಳು ತಿರುಗಿ ನೋಡಲಿಲ್ಲ.

ಮಂಜಯ್ಯ ಶೆಟ್ಟರು ಚಾವಡಿಯಲ್ಲಿ ಪೆನ್ನಿನ ಟೊಪ್ಪಿ ತೆಗೆದೇ ಕೂತಿದ್ದರು. ಅವರ ತಲೆಯ ಮೇಲಿನ ಗೋಡೆಯಲ್ಲಿ ಸಪ್ತಾಹದ ಫೋಟೋ: ಶೆಟ್ಟರು ನಗುತ್ತ ಸೀತುವಿನ ಕೈಗೆ ಪೆಟ್ಟಿಗೆ ಹಾಕುತ್ತಿದ್ದಾರೆ, ಅವರ ಬೆರಳಿಗೂ ಅವಳ ಬೆರಳಿಗೂ ನಡುವೆ ಒಂದು ಗೇಣು ಪೆಟ್ಟಿಗೆ, ಪಕ್ಕದಲ್ಲಿ ಕುಸುಮಾವತಿ ಬಿಳಿ ಸೀರೆಯಲ್ಲಿ ಕ್ಯಾಮರಾ ನೋಡುತ್ತ. ಫೋಟೋದ ಆ ಬಿಳಿ ಸೀರೆಯ ಹೆಂಗಸಿನ ಮುಖಕ್ಕೆ ಬಾರಿಸಬೇಕೆನಿಸಿತು. ಅಮ್ಮಣ್ಣಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಶೆಟ್ಟರು ಕಾಗದ ತೆಗೆದುಕೊಂಡು ಕಣ್ಣು ಕಿರಿದು ಮಾಡಿದರು.

"ಹೆಬ್ಬೆಟ್ಟ್ ಎಲ್ಲಿತ್, ನರ್ಸಮ್ಮ?"

"ಪೆಟ್ಟಿಗೆಯಲ್ಲಿ ಕತ್ರಿ ಇರ್ಲಿಲ್ಲ, ಶೆಟ್ರೆ."

"ಅಂದ್ರೆ?"

"ಹನ್ನೆರಡ್ರಲ್ಲೂ ಇರ್ಲಿಲ್ಲ. ಇತ್ತು ಅಂತ ರುಜು ಹಾಕಿದ್ದ್ ನಾನ್."

ಶೆಟ್ಟರು ಫೋಟೋ ನೋಡಿದರು, ಅವಳನ್ನು ನೋಡಿದರು. ಕೂಗುತ್ತಾರೆ ಎಂದುಕೊಂಡಿದ್ದಳು. ಅವರು ದನಿ ಇಳಿಸಿದರು. "ನಾನ್ ನನ್ ಕೈಯಾರೆ ಕೊಟ್ಟ ಪೆಟ್ಟಿಗೆ ಅದ್. ಖಾಲಿ ಪೆಟ್ಟಿಗೆ ಕೊಟ್ಟ್ ಸ್ವಂತ ತಂಗಿ ಮಗಳ್ ಮಗುನ್ನೇ ಕಳಕಂಡೆ ಅಂತ ಊರೆಲ್ಲ ಹೇಳ್ಕಾ? ನೀವೂ ಹೆಣ್ಣ್ ಮಗಳ್, ಕೆಲ್ಸ ಹೋತ್ತ್. ಹೋದ ಕೂಸ್ ಬತ್ತಿಲ್ಲೆ. ಅದಕ್ಕೆ ಒಂದ್ ಹೆಬ್ಬೆಟ್ಟ್, ಅಷ್ಟೇ. ಹೋಯಿ ಒತ್ಸ್‌ಕಂಡ್ ಬನ್ನಿ. ನಾನ್ ಪೊಲೀಸ್ ಗಿಲೀಸ್ ಬ್ಯಾಡ ಅಂತೆ." ಒಂದೇ ಗಳಿಗೆಯಲ್ಲಿ ಅವರ ಸಿಟ್ಟೆಲ್ಲ ಎಲ್ಲಿ ಹೋಯಿತು! ಮೊನ್ನೆಯಿಂದ ಕೂಸಿಗಾಗಿ ಕುದಿಯುತ್ತಿದ್ದ ಮನುಷ್ಯ ಈಗ ಗೋಡೆಯ ಫೋಟೋಕ್ಕಾಗಿ ಬೆಣ್ಣೆಯಾಗಿದ್ದಾರೆ. ಕುಸುಮಾವತಿ ಅವರ ಕೈಯಿಂದಲೇ ಪೆನ್ನು ತೆಗೆದುಕೊಂಡಳು. ಹೇಳಿಕೆಯ ಮೇಲೆ ಮೂಲೆಯಿಂದ ಮೂಲೆಗೆ ಗೀಟು ಎಳೆದಳು. ಕೆಳಗೆ, ಹೆಬ್ಬೆಟ್ಟಿನ ಚೌಕದೊಳಗೆ ಹಿಡಿಯುವಷ್ಟು ಸಣ್ಣ ಅಕ್ಷರದಲ್ಲಿ, ಕತ್ತರಿ ಇಲ್ಲದ ಪೆಟ್ಟಿಗೆಯನ್ನು ಕೊಟ್ಟವಳು ನಾನು ಎಂದು ಬರೆದು ಹೆಸರು ಹಾಕಿದಳು. ಕೊನೆಯ ಅಕ್ಷರ ಚೌಕದಿಂದ ಹೊರಗೆ ಹೋಯಿತು. ಸಾಕ್ಷಿಗೆ ರುಜು ಹಾಕಿ ಶೆಟ್ರೆ, ಎಂದಳು. ಅವರು ಪೆನ್ನು ಕಸಿದುಕೊಂಡು ಟೊಪ್ಪಿ ಹಾಕಿ ಜೇಬಿಗಿಟ್ಟರು.

ಅಷ್ಟರಲ್ಲಿ ಪಕ್ಕದ ಕೋಣೆಯ ಬಾಗಿಲು ಸರಿಯಿತು. ಬಾಣಂತಿ ಅಮೆ, ಅಂದರೆ ಹೆರಿಗೆಯ ಸೂತಕ, ಕಳೆಯುವವರೆಗೆ ಚಾವಡಿಗೆ ಬರುವ ಹಾಗಿಲ್ಲ. ಗಿರಿಜಾ ಹೊಸಿಲಿನ ಈಚೆಗೇ ಬಂದು ನಿಂತಳು. ಇಪ್ಪತ್ತರ ಹುಡುಗಿ, ಜ್ವರದ ಕಣ್ಣು, ಎದೆಯ ಮೇಲೆ ಸೀರೆ ಎರಡು ಕಡೆ ಒದ್ದೆಯಾಗಿ ಗಟ್ಟಿ ಕಟ್ಟಿತ್ತು. ಅಮ್ಮಣ್ಣಿ, "ಒಳ್ಗ್ ಹೋಗ್ ಹೆಣ್ಣೆ, ಮಾವ ಇದ್ರ್," ಎಂದಳು. ಗಿರಿಜಾ ಅತ್ತ ನೋಡಲಿಲ್ಲ.

"ಆ ಕತ್ರಿ ಈಗ ಎಲ್ಲಿತ್ ಅಕ್ಕ?"

"ಬೀರುವಲ್ಲಿ ಇತ್."

"ಬೀಗದ್ ಕೈ?"

ಕುಸುಮಾವತಿ ಸೊಂಟ ಮುಟ್ಟಿಕೊಂಡಳು. ಗಿರಿಜಾ ಆ ಕೈಯನ್ನೇ ನೋಡಿದಳು.

"ನನ್ ಹೊಕ್ಕಳೂ ಸೀತುವೇ ಕೊಯ್ದದ್. ಬಿದ್ರಗೆ. ಇದನ್ನೂ ಬಿದ್ರಗೇ ಕೊಯ್ದಿರೆ ಬದ್ಕ್‌ತಿತ್ತಾ?"

ಇದಕ್ಕೆ ಉತ್ತರಗಳಿದ್ದವು. ಹಾಗೆ ಖಂಡಿತ ಹೇಳಲಾಗುವುದಿಲ್ಲ, ಬಿದಿರಿನಲ್ಲೂ ಅಪಾಯವಿದೆ, ಎಷ್ಟೋ ಕೂಸುಗಳು ಸತ್ತದ್ದು ಲೆಕ್ಕಕ್ಕೇ ಬಂದಿಲ್ಲ, ವಿಜ್ಞಾನ ಹೀಗೆನ್ನುತ್ತದೆ. ಅವೆಲ್ಲ ಸುಳ್ಳೂ ಅಲ್ಲ. ಚಿತ್ರಪಟ ಇದ್ದಿದ್ದರೆ ಕೋಲು ಹಿಡಿದು ತೋರಿಸಬಹುದಿತ್ತು. ಉರಿಯಲ್ಲಿ ಎರಡು ಸಲ ಹಾಯಿಸಿದ ಹಸಿ ಬಿದಿರು, ದರ್ಜಿಯ ಅಂಗಡಿಯ ಧೂಳು ಹಿಡಿದ ಕತ್ತರಿ.

"ಬದ್ಕ್‌ತಿತ್ತ್," ಎಂದಳು.

ಗಿರಿಜಾ ತಾಯಿಯ ಕಡೆ ತಿರುಗಿದಳು. ಅಮ್ಮಣ್ಣಿ, ಒಂದು ಪಾತ್ರೆ ಕೊಡದ ಅಮ್ಮಣ್ಣಿ, ಬಾಗಿಲ ದಾರಂದವನ್ನು ಉಗುರಿನಿಂದ ಕೆರೆಯುತ್ತಿದ್ದಳು. ಕುಸುಮಾವತಿ ಎರಡು ಹೆಜ್ಜೆ ಮುಂದೆ ಬಂದು, ಹಾಲು ಕಟ್ಟಿದೆ, ನಾನು ತೆಗೆಯುತ್ತೇನೆ, ಬಿಸಿನೀರಿನ ಶಾಖ ಕೊಟ್ಟರೆ ಎಂದು ಏನೋ ಶುರು ಮಾಡಿದಳು. ಗಿರಿಜಾ ಹಿಂದಕ್ಕೆ ಸರಿದಳು.

"ಸೀತುವಿಗೆ ಬಪ್ಪುಕ್ ಹೇಳಿ. ಈಗ್ಳೇ," ಎಂದಳು. "ನೀವ್ ಬಪ್ಪುದ್ ಬ್ಯಾಡ."

ಗದ್ದೆಯ ಅಂಚಿನ ಮೇಲೆ ಮತ್ತೆ ಅದೇ ದಾರಿ. ನಾಳೆ ಡಾಕ್ಟರು ಏನು ಮಾಡುತ್ತಾರೆ, ಬ್ರಹ್ಮಾವರದ ಅಮ್ಮನಿಗೆ ಏನೆಂದು ಬರೆಯುವುದು ಎಂಬುದೆಲ್ಲ ತಲೆಯಲ್ಲಿ ಎದ್ದು ಬೀಳುತ್ತಿತ್ತು. ಒಂದೂ ನಿಲ್ಲುತ್ತಿರಲಿಲ್ಲ. ಸಿಟ್ಟು ಮಾತ್ರ ಹಾಗೇ ಇತ್ತು. ನಿಜ ಹೇಳಿದ ಮೇಲೆ ಅದು ಇಳಿಯಬೇಕು ಎಂದು ಅವಳು ಎಲ್ಲೋ ನಂಬಿದ್ದಳು, ಇಳಿಯಲಿಲ್ಲ. ಸೀತು ದಣಪೆಯ ಹತ್ತಿರವೇ ನಿಂತಿದ್ದಳು. ಗಿರಿಜಮ್ಮ ಕರೀತಿದ್ರ್, ಈಗ್ಳೇ ಬಪ್ಪುಕ್ ಹೇಳಿದ್ರ್ ಎಂದಾಗ ಅವಳು ಹೆಬ್ಬೆಟ್ಟಿನ ಸುದ್ದಿ ಕೇಳಲಿಲ್ಲ, ಕಾಗದ ಏನಾಯಿತೆಂದು ಕೇಳಲಿಲ್ಲ. ಒಳಗೆ ಹೋಗಿ ಎಣ್ಣೆಯ ಕುಪ್ಪಿ ತಂದಳು. ಕುಸುಮಾವತಿಯ ಕೈಯಲ್ಲಿದ್ದ ಪೆಟ್ಟಿಗೆ ತೆರೆದು ಸವೆದ ಸಾಬೂನನ್ನು ಮಾತ್ರ ಎತ್ತಿಕೊಂಡಳು. ಉಳಿದದ್ದನ್ನು ಹಾಗೇ ಬಿಟ್ಟು ಮುಚ್ಚಿದಳು. ಆಮೇಲೆ ಆ ವಯಸ್ಸಿನ ಹೆಂಗಸು ನಡೆಯಬಹುದಾದದ್ದಕ್ಕಿಂತ ಬೇಗ ಬೇಗ ಅಂಚಿನ ಮೇಲೆ ಹೊರಟಳು. ಕುಸುಮಾವತಿ ಪೆಟ್ಟಿಗೆ ಹಿಡಿದುಕೊಂಡು ಇನ್ನೊಬ್ಬರ ಅಂಗಳದಲ್ಲಿ ನಿಂತೇ ಇದ್ದಳು. ಜೊತೆಗೆ ಹೋಗುವ ಹಾಗಿರಲಿಲ್ಲ.